ಮಂಚದ ಕೆಳಗೆ ಖಡಿ ಸಾವ್ಕಾರ

ಇವತ್ತು ಯೆಣೆಗೂರ ಬಸ್‌ಸ್ಟ್ಯಾಂಡಿನ ಮುಂದೆ ಜಲ್ಲಿಕಲ್ಲಿನ ಖಡಿ ತುಂಬಿದ ಟಿಪ್ಪರ್ ಹಾದುಹೋಯಿತು. ಕಲ್ಲುಪುಡಿಯ ವಾಸನೆಗೆ ನನ್ನ ಕೈ ತಾನಾಗಿ ಕೊರಳ ಲಿಂಗವನ್ನು ಹಿಡಿಯಿತು.

ನಮ್ಮೂರ ಗುಡ್ಡ ಒಡೆದು, ಖಡಿ ಮಾರಿ ದೊಡ್ಡವನಾದವನು ಖಡಿ ಸಾವ್ಕಾರ. ನಾನು ಚಿಕ್ಕವಳಿದ್ದಾಗ ಮಧ್ಯಾಹ್ನ ಗಣಿಯಲ್ಲಿ ಸೀಟಿ ಊದಿದ ಕೂಡಲೇ ಅವ್ವ ಹಲಗೆಯ ಮೇಲಿನ ಗಡಿಗೆ ಇಳಿಸಿ, ನನ್ನನ್ನು ಮಂಚದ ಕೆಳಗೆ ತಳ್ಳಿ, "ಲಿಂಗ ಗಟ್ಟಿ ಹಿಡಕೋ" ಅನ್ನುತ್ತಿದ್ದಳು. ಆಮೇಲೆ ಗಣಿಯ ಮದ್ದು ಸಿಡಿದು ನೆಲ ನಡುಗುತ್ತಿತ್ತು.

ಒಂದು ದಿನ ಸೀಟಿ ಊದಲಿಲ್ಲ. ಗಣಿಗೆ ಬೀಗ ಹಾಕಿ ಸಾವ್ಕಾರನನ್ನು ಹಿಡಿಯಲು ಪೊಲೀಸರು ಬಂದಿದ್ದರು. ಚೆಂಡು ತೆಗೆಯಲೆಂದು ಬಗ್ಗಿದರೆ, ನಮ್ಮ ಮಂಚದ ಕೆಳಗೆ ಸಾವ್ಕಾರ ಮುದುಡಿ ಮಲಗಿದ್ದ. ಅವನ ಲಿಂಗವೂ ಮುಷ್ಟಿಯಲ್ಲಿತ್ತು.

"ಯಾರಿಗೂ ಹೇಳಬ್ಯಾಡವ್ವಾ. ಭಾಳ ಅಂಜಿಕಿ ಆಗೇದ," ಎಂದ.

"ನನಗ ದಿನಾ ಆಗ್ತದರೀ," ಎಂದೆ.

ನೆಲ ನಡುಗಿಸುವವನೇ ನಡುಗುವುದನ್ನು ಕಂಡು ನನಗೆ ಇನ್ನಷ್ಟು ಭಯವಾಗಿತ್ತು.

ಟಿಪ್ಪರ್ ಹೋಗಿ ಬಹಳ ಹೊತ್ತಾಯಿತು. ಲಿಂಗ ಹಿಡಿದ ನನ್ನ ಮುಷ್ಟಿ ಇನ್ನೂ ಬಿಚ್ಚಿಲ್ಲ.