ಅನುಮತಿ ಇದ್ದ ಗೋಡೆ, ಅಜ್ಜಿಯ ಲೋಟ

ಗೆಳೆಯರೇ, ಇವತ್ತು ಒಂದು ಲೋಟ ನೀರಿಗೆ ಕೈಮುಗಿದು ಬಂದಿದ್ದೇನೆ.

ದೊಡ್ಡಬಳ್ಳಾಪುರದಲ್ಲಿ ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ ಮಾರುವುದು ನನ್ನ ಕೆಲಸ. ಈ ಸಲದ ಮನೆಯಲ್ಲಿ ನಡುಗೋಡೆ ಒಡೆದು ದೊಡ್ಡ ಹಾಲ್ ಮಾಡಬೇಕಿತ್ತು. ಲೈಸೆನ್ಸ್ ಇರುವ ಎಂಜಿನಿಯರ್ ಬರೆದ ನಕ್ಷೆ, ನಗರಸಭೆಯ ಅನುಮತಿ, ಎಲ್ಲವೂ ಕೈಯಲ್ಲಿತ್ತು. ಮೇಸ್ತ್ರಿ ಸುತ್ತಿಗೆ ಎತ್ತಿಯಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ನೇಕಾರರ ಅಜ್ಜಿ ಗೌರಮ್ಮ ಒಳಗೆ ಬಂದರು.

“ಆ ಗೋಡೆ ಮುಟ್ಬೇಡ್ರಪ್ಪಾ. ನಮ್ಮನೆ ತೊಲೆ ಅದ್ರ ಮೇಲೆ ಕೂತೈತೆ.”

“ಪರ್ಮಿಷನ್ ಐತಜ್ಜಿ,” ಎಂದು ಕಾಗದ ತೋರಿಸಿದೆ.

ಅಜ್ಜಿ ಕಾಗದ ನೋಡಲೇ ಇಲ್ಲ. ಲೋಟದ ತುಂಬ ನೀರು ತಂದು ಬೀದಿ ಕಡೆಯ ಗೋಡೆಯ ಗೂಡಿನಲ್ಲಿಟ್ಟರು. “ಮಗ್ಗ ಹಾಕೋ!” ಎಂದು ಮಗನಿಗೆ ಕೂಗಿದರು. ಪಕ್ಕದಲ್ಲಿ ಮಗ್ಗ ಶುರುವಾಯಿತು. ನೀರು ಅಲುಗಲಿಲ್ಲ. ಆಮೇಲೆ ಲೋಟವನ್ನು ನಡುಗೋಡೆಯ ಗೂಡಿಗೆ ತಂದಿಟ್ಟರು. ನೀರು ಗಡಗಡ ನಡುಗಿತು!

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು, ಏಣಿ ಹತ್ತಿ, ಮೇಲಿನ ಗಾರೆ ಕೆತ್ತಿ ನೋಡಿದರು. ತೊಲೆ ಅಲ್ಲೇ ಇತ್ತು; ಮಗ್ಗದ ಅದುರು ಅದರ ಮೂಲಕ ಗೋಡೆಗೆ ಇಳಿಯುತ್ತಿತ್ತು. ಹಿಂದೆ ಈ ಮನೆ, ಪಕ್ಕದ ಮನೆ ಎರಡೂ ಸೇರಿ ಒಂದೇ ಮನೆಯಾಗಿತ್ತಂತೆ.

ಫೋನ್ ಮಾಡಿದ ಮೇಲೆ ಓಡಿಬಂದ ಎಂಜಿನಿಯರ್ ಲೋಟದ ವಿಷಯ ತಿಳಿದು ಕೇಳಿದರು, “ಇದನ್ನ ಎಲ್ಲಿ ಕಲಿತ್ರಿ ಅಮ್ಮಾ?”

“ಕಲಿಯೋದೇನಪ್ಪಾ? ಮದ್ವೆಯಾದ ಹೊಸ್ದ್ರಲ್ಲಿ ಈ ಗೂಡಲ್ಲಿ ಇಟ್ಟಿದ್ದ ಹಾಲು ಮಗ್ಗ ಹಾಕ್ದಾಗೆಲ್ಲ ಚೆಲ್ಲೋದು. ನಮ್ಮತ್ತೆ ನನ್ನ ಬೈಯೋರು.”

ನಾಳೆ ಹೊಸ ನಕ್ಷೆಗೆ ಅರ್ಜಿ ಹಾಕಬೇಕು. ಅದರಲ್ಲಿ ಎಂಜಿನಿಯರ್ ಲೈಸೆನ್ಸ್ ನಂಬರಿಗೆ ಜಾಗವಿದೆ. ಅಜ್ಜಿಯ ಲೋಟಕ್ಕಿಲ್ಲ.