ಹುಳುಮನೆಯ ಹೊಸ್ತಿಲಾಚೆ

ಸುಗಟೂರಿನ ಗಂಗಾಲಕ್ಷ್ಮಿ ಮದುವೆಯಾದ ಮೇಲೂ ತವರಲ್ಲೇ ಉಳಿದವಳು. ಗಂಡ ಮನೆ ಅಳಿಯನಾಗಿ ಬಂದ. ಅವಳಿಗೆ ಮಾತ್ರ ರೇಷ್ಮೆ ಹುಳುಮನೆ ಬಿಟ್ಟರೆ ಬೇರೆ ಲೋಕವಿಲ್ಲ. ಮುಟ್ಟಾದ ಹೆಂಗಸು ಅದರ ಹೊಸ್ತಿಲು ದಾಟಿದರೆ ಹುಳ ಕೆಡುತ್ತದೆ ಎಂಬುದು ಆ ಮನೆಯ ಕಟ್ಟುಪಾಡು. ಹುಳಕ್ಕೆ ಯಾರ ಮುಟ್ಟು ಹೇಗೆ ಗೊತ್ತಾಗುತ್ತದೋ, ಆ ಶಿವನೇ ಬಲ್ಲ! ಈ ವರ್ಷವಂತೂ ಅವಳ ರಕ್ತಸ್ರಾವ ನಿಲ್ಲುವ ಮಾತೇ ಇಲ್ಲ. ತಿಂಗಳುಗಟ್ಟಲೆ ಹೊರಗೇ ಕೂತು ಸೊಪ್ಪು ಕತ್ತರಿಸಿದಳು. ಒಳಗೆ ಹುಳ ಮೇಯುವ ಸರಸರ ಸದ್ದು ಕೇಳಿದಾಗೆಲ್ಲ ಅಳು ಬರುತ್ತಿತ್ತು.

ಆ ಸದ್ದಿನಲ್ಲಿ ಅವಳ ಬಾಲ್ಯವೇ ಇತ್ತು. ಅಮ್ಮ ಅಂಜಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ತೆಲುಗು ಪದ ಹೇಳಿಕೊಳ್ಳುತ್ತಾ ಬರುತ್ತಿದ್ದಳು. ಗೂಡು ಕಟ್ಟುವಷ್ಟು ಹಣ್ಣಾದ ಹುಳವನ್ನು ಮಗಳ ಅಂಗೈಲಿಟ್ಟು, "ಹಿಸುಕಬೇಡ್ವೇ, ಜೀವ ಅದು" ಎನ್ನುತ್ತಿದ್ದಳು. ಎಂಥ ಚೆಂದದ ದಿನಗಳು! ಆಮೇಲೆ ಅಂಜಮ್ಮನಿಗೂ ಇದೇ ಕಾಟ ಅಂಟಿಕೊಂಡಿತು. "ಗರ್ಭಕೋಶ ತೆಗೆಸಿಬಿಡೇ, ಪೀಡೆ ಹೋಗ್ಲಿ" ಎಂದರು ಎಲ್ಲರೂ. ತೆಗೆಸಿದಳು. ಹುಳುಮನೆಗೆ ಹೋಗಲು ಅಡ್ಡಿಯೇನೋ ತೀರಿತು. ಆದರೆ ಮೈಯಲ್ಲಿ ಮೊದಲಿನ ಕಸುವು ಉಳಿಯದೆ ಸೊಪ್ಪಿನ ಹೊರೆ ಮತ್ತೆ ಅವಳ ತಲೆಗೇರಲಿಲ್ಲ, ಪದವೂ ನಿಂತುಹೋಯಿತು.

ಈಗ ಅದೇ ಬಾಯಿಗಳು ಮಗಳಿಗೂ ಅದನ್ನೇ ಹೇಳತೊಡಗಿದವು. ನಾನೂ ಅಮ್ಮನ ಹಾಗೆ ಆಗಿಬಿಟ್ಟರೆ ಎಂದು ಗಂಗಾಲಕ್ಷ್ಮಿಗೆ ಭಯವಾಯಿತು. ಅಮ್ಮನನ್ನು ಕರೆದುಕೊಂಡು ಕೋಲಾರದ ಆಸ್ಪತ್ರೆಗೆ ಬಸ್ಸು ಹತ್ತಿದಳು.

"ಮೇಡಮ್, ಗರ್ಭಕೋಶ ತೆಗೀಲೇಬೇಕಾ?"

ಡಾಕ್ಟರಮ್ಮ ಸ್ಕ್ಯಾನಿಂಗ್ ನೋಡಿ, "ಮೊದ್ಲು ಒಳಗೇನಿದೆ ನೋಡೋಣಮ್ಮ. ಹೊಟ್ಟೆ ಕುಯ್ಯಲ್ಲ. ಕೆಳಗಿಂದ್ಲೇ ಸಣ್ಣ ಕ್ಯಾಮೆರಾ ಹಾಕ್ತೀನಿ" ಎಂದರು.

ಹೇಳಿದ ದಿನ ಹೋಗಿ ಮಲಗಿದಳು. ಪರದೆಯ ಮೇಲೆ ಅವಳದೇ ಗರ್ಭಕೋಶ ಕಂಡಿತು: ನಸುಗೆಂಪು ಗೋಡೆ, ಅದಕ್ಕೆ ಜೋತುಬಿದ್ದ ರೇಷ್ಮೆಗೂಡಿನಷ್ಟು ದುರ್ಮಾಂಸ.

"ಇದೇ ನಿನ್ನ ಕಾಟ" ಎಂದ ಡಾಕ್ಟರಮ್ಮ ಅದೇ ದಾರಿಯಲ್ಲೇ ಅದನ್ನು ಕತ್ತರಿಸಿ ತೆಗೆದರು. ಸಂಜೆಗೆ ಮನೆ. ತೆಗೆದ ದುರ್ಮಾಂಸದ ಪರೀಕ್ಷೆಯಲ್ಲೂ ಕೆಟ್ಟದ್ದೇನಿಲ್ಲ ಎಂದು ಬಂತು. ಸ್ರಾವ ಹತೋಟಿಗೆ ಬಂತು, ಗರ್ಭಕೋಶ ಉಳಿಯಿತು.

ಮುಂದಿನ ಬೆಳೆಗೆ ಗಂಗಾಲಕ್ಷ್ಮಿ ಸೊಪ್ಪಿನ ಹೊರೆ ಹೊತ್ತು ಹೊಸ್ತಿಲು ದಾಟಿದಳು. ಹುಳದ ತಟ್ಟೆಗಳ ಪಕ್ಕ ಕೂತಿದ್ದ ಅಂಜಮ್ಮ ಹಿಂದಿನ ಬೆಳೆಯ ಒಂದು ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದಳು.

"ಇಷ್ಟೇನೇನೇ ನಿನ್ನೊಳಗೆ ಇದ್ದಿದ್ದು?"

"ಹೂಂ ಅಮ್ಮ, ಅಷ್ಟೇ."

"ಅಯ್ಯೋ ದೇವುಡಾ! ನಂಗೂ ಇಷ್ಟೇ ಇತ್ತೋ ಏನೋ. ಯಾರೂ ನೋಡ್ಲೇ ಇಲ್ಲ ಕಣೇ."