ಚಿಪ್ಪಿನ ಚಾವಣಿ

ಶೀನ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು. ಬೀಜಾಡಿಯ ಚಿಪ್ಪಿನ ಗುಂಡಿ ಕುಸಿದು ಮಂಜ ಸತ್ತದ್ದು ಶೀನನ ತಪ್ಪಿನಿಂದಲ್ಲ, ನನ್ನ ಮಾತಿನಿಂದ. ಈ ಮೂರು ವಾಕ್ಯಗಳನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಬರೆದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಿಲ್ಲ.

ಅದು ಯುದ್ಧದ ಕಾಲ. ಸಿಮೆಂಟು ಸಿಗುತ್ತಿರಲಿಲ್ಲ, ಎಲ್ಲರಿಗೂ ಸುಣ್ಣ ಬೇಕಿತ್ತು. ಬೀಜಾಡಿಯ ಕಡಲಿನಿಂದ ಸ್ವಲ್ಪ ಒಳಕ್ಕೆ, ಗದ್ದೆಗಳ ಅಂಚಿನಲ್ಲಿ ಒಂದು ಮರಳು ದಿಬ್ಬವಿತ್ತು. ಎಂದೋ ಒಂದು ಯುಗದಲ್ಲಿ ಕಡಲು ಅಲ್ಲಿಯವರೆಗೆ ಇದ್ದಾಗಿನ ಚಿಪ್ಪುಗಳು ಅದರ ಅಡಿಯಲ್ಲಿ ರಾಶಿಯಾಗಿ ಬಿದ್ದಿದ್ದವು. ಸುಣ್ಣದ ಗೂಡಿನ ಧಣಿಗಳು ಸುಟ್ಟು ಸುಣ್ಣ ಮಾಡಲು ಅದನ್ನು ಅಗೆಸುತ್ತಿದ್ದರು. ನಾನು ಕೋಟೇಶ್ವರದ ಕಡೆಯ ಐತಾಳರ ಮನೆಯವನು. ಮಂಗಳೂರಿನಲ್ಲಿ ವಿಜ್ಞಾನ ಓದುತ್ತಿದ್ದವನು, ಅಪ್ಪ ತೀರಿಕೊಂಡ ಮೇಲೆ ಓದನ್ನು ಅರ್ಧಕ್ಕೆ ಬಿಟ್ಟು ಬಂದು ಆ ಗುಂಡಿಯ ಮೇಲ್ವಿಚಾರಣೆಗೆ ನಿಂತಿದ್ದೆ. ಅಗೆಯುವವರೆಲ್ಲ ಮೀನುಗಾರರ ಕೇರಿಯವರು; ಬಲೆಗೆ ನೂಲು ಸಿಗದೆ ದೋಣಿಗಳು ದಡದಲ್ಲೇ ಒಣಗುತ್ತಿದ್ದ ದಿನಗಳವು. ಅವರಲ್ಲಿ ಶೀನ ಒಬ್ಬ. ಅವನ ಹೆಂಡತಿ ಚಂದುವಿನ ತಮ್ಮ ಮಂಜ ಇನ್ನೊಬ್ಬ. ಭಾವ ಅಗೆಯುವುದು, ಭಾವಮೈದುನ ಬುಟ್ಟಿ ಹೊರುವುದು. ಅವರಿಬ್ಬರ ನಡುವೆ ಜಗಳವೆಂಬುದನ್ನು ನಾನು ಕಂಡಿರಲಿಲ್ಲ.

ಉಳಿದವರಿಗೆ ಅದು ಸುಣ್ಣದ ಚಿಪ್ಪು. ನನಗೆ — ಏನೆಂದು ಹೇಳಲಿ — ಬಿಟ್ಟುಬಂದ ಓದೇ ಮಣ್ಣಿನಿಂದೆದ್ದು ಬಂದಂತೆ. ಅಂಗೈಗಿಂತ ದೊಡ್ಡ ಚಿಪ್ಪುಗಳು. ಒಂದೊಂದರ ಬೆನ್ನ ಮೇಲೂ ಬೇರೆ ಜೀವಗಳು ಕಚ್ಚಿ ಕಟ್ಟಿಕೊಂಡ ಮನೆಗಳು. ದೋಣಿಯ ಅಡಿಗೆ ಅಂಟುವಂಥ ಚೂಪು ಗೂಡುಗಳು, ಬಿಳಿ ದಾರದಂತೆ ಸುತ್ತಿಕೊಂಡ ಹುಳುಗಳ ಸುಣ್ಣದ ಕೊಳವೆಗಳು, ಬಟ್ಟೆಯ ನೇಯ್ಗೆಯಷ್ಟು ಸಣ್ಣ ಕಣ್ಣುಗಳಿದ್ದ ತೆಳು ಪೊರೆಗಳು. ಕೆಲವು ಚಿಪ್ಪುಗಳ ಒಳಮೈಯಲ್ಲೂ ಅವು ಇದ್ದವು. ಎಂದರೆ ಒಳಗಿನ ಜೀವ ಸತ್ತು, ಚಿಪ್ಪು ಬಾಯ್ತೆರೆದು, ಬಹುಕಾಲ ಕಡಲ ನೆಲದ ಮೇಲೆ ಬಿದ್ದಿತ್ತು; ಸತ್ತವರ ಮನೆಯೊಳಗೆ ಬದುಕಿರುವವರು ಬಂದು ನೆಲೆಸಿದ್ದರು. ಇದನ್ನು ಅರ್ಥ ಮಾಡಿಕೊಂಡ ದಿನ ನನಗೆ ಊಟ ಸೇರಲಿಲ್ಲ. ಸಂತೋಷಕ್ಕೆ.

ದಿಬ್ಬದ ಬದಿಯಿಂದ ಒಳಕ್ಕೆ ಗವಿಯಂತೆ ಕೊರೆಯುತ್ತಿದ್ದೆವು. ಕೆಳಗೆ ಬಿಡಿ ಚಿಪ್ಪು, ಅದು ಸುಲಭವಾಗಿ ಬರುತ್ತಿತ್ತು. ಅದರ ಮೇಲೆ ಇಂಥ ಜೀವಗಳೇ ಚಿಪ್ಪಿಗೆ ಚಿಪ್ಪನ್ನು ಬೆಸೆದು ಗಟ್ಟಿಮಾಡಿದ ಒಂದು ಪದರ, ಚಪ್ಪಡಿ ಹಾಸಿದ ಹಾಗೆ. ಅದರ ಮೇಲೆ ದಿಬ್ಬದಷ್ಟೂ ಮರಳು. ಆ ಪದರವೇ ಗವಿಗೆ ಚಾವಣಿ. ಮೊದಲ ದಿನವೇ ನಾನು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ್ದೆ: “ಮೇಲಿನ ಹಾಸ್ ಮುಟ್ಟುಕಾಗ. ಅದ್ ಬಿಟ್ರೆ ಮರಳ್ ತಲಿ ಮೇಲ್ ಬತ್ತ್.” ಎಲ್ಲರೂ ಕೇಳಿದ್ದರು. ಈ ಮಾತು ನೆನಪಿರಲಿ — ನನ್ನ ಸುಳ್ಳಿಗೆ ಆಮೇಲೆ ಆಧಾರವಾದದ್ದು ಈ ಸತ್ಯವೇ.

ಮಂಗಳೂರಿನ ನನ್ನ ಹಳೆಯ ಗುರುಗಳಿಗೆ ಒಡೆದ ಚೂರುಗಳನ್ನು ತೋರಿಸಿದ್ದೆ. ಎರಡೂ ಮೈ ಕಾಣುವ ಇಡೀ ತುಂಡೊಂದು ಸಿಕ್ಕರೆ ನೋಡಬಹುದಿತ್ತು ಎಂದಿದ್ದರು. ಅಷ್ಟೇ. ಆದರೆ ನನಗೆ ಅದು ಬಿಟ್ಟ ಓದಿನೊಳಕ್ಕೆ ಮತ್ತೆ ಕರೆದಂತೆ ಕೇಳಿಸಿತು. ಬೇಕಾದಂಥ ತುಂಡು ಚಾವಣಿಯಲ್ಲಿ ಮಾತ್ರ ಇತ್ತು. ದಿನವೂ ಅದರ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದೆ. ಒಂದು ಮೂಲೆಯಲ್ಲಿ, ದೊಡ್ಡ ಚಿಪ್ಪೊಂದರ ಒಳಮೈ ತುಂಬ ಆ ಸಣ್ಣ ಕಣ್ಣುಗಳ ಜಾಲರಿ —

ಒಂದು ಮಧ್ಯಾಹ್ನ ಎಲ್ಲರೂ ಗಂಜಿಗೆ ಹೋದರು. ಶೀನ ಹಾರೆಯ ಮೊನೆ ತಟ್ಟುತ್ತಾ ಕುಳಿತಿದ್ದ. ನಾನು ಅವನನ್ನು ಒಳಗೆ ಕರೆದು ಆ ಮೂಲೆ ತೋರಿಸಿದೆ. ಒಡೆಯದ ಹಾಗೆ ಬಿಡಿಸಿಕೊಡು ಎಂದೆ.

ಅವನು ನಕ್ಕ. “ನೀವೇ ಮುಟ್ಟುಕಾಗ ಅಂದೇಳಿ ಹೇಳಿದ್ರಿ ಅಲ್ದಾ ಐತಾಳ್ರೆ?”

“ಒಂದ್ ತುಂಡಿಗೆ ಎಂತದೂ ಆತಿಲ್ಲೆ ಮಾರಾಯ.”

ಅವನು ನಂಬಿದ. ಓದಿದವನು ಹೇಳುತ್ತಿದ್ದಾನೆ ಎಂದು ನಂಬಿದನೋ, ಇಲ್ಲವೆನ್ನಲು ಸಂಕೋಚಪಟ್ಟನೋ — ನನಗೆ ತಿಳಿಯದು. ನಾನು ಹೊರಗೆ ಬಂದು ಗವಿಯ ಬಾಯಲ್ಲಿ ನಿಂತೆ. ನನಗೆ ಭಯವಿತ್ತು, ಅದಕ್ಕೇ ಹೊರಗೆ ಬಂದೆ. ಇದನ್ನೂ ಬರೆಯಲೇಬೇಕು.

ಆಗ ಮಂಜ ಬಂದ. ಭಾವನಿಗೆಂದು ಗಂಜಿ ತಂದಿದ್ದ. ನನ್ನ ಪಕ್ಕದಿಂದಲೇ ಒಳಗೆ ಹೋದ. ನಾನು ಕಂಡೆ. ‘ಹ್ವಾಯ್ ಮಂಜ, ನಿಲ್ಲ್’ ಎಂದರೆ ಸಾಕಿತ್ತು. ಕರೆದರೆ ಶೀನನ ಕೈ ನಿಲ್ಲುತ್ತಿತ್ತು. ತುಂಡು ಆಗಲೇ ಅರ್ಧ ಬಿಟ್ಟಿತ್ತು, ಅದರ ಸದ್ದು ನನಗೆ ಕೇಳುತ್ತಿತ್ತು. ನಾನು ಕರೆಯಲಿಲ್ಲ.

ದೊಡ್ಡ ಶಬ್ದವೇನೂ ಆಗಲಿಲ್ಲ. ಅಕ್ಕಿಮೂಟೆ ಬಿಚ್ಚಿ ಸುರಿದಂತೆ, ಅಷ್ಟೇ. ಗವಿಯ ಬಾಯಿಂದ ಧೂಳು ಬಂತು.

ಜನ ಓಡಿಬಂದು ಕೈಯಲ್ಲೇ ತೋಡಿದರು. ಶೀನ, ಹೊರಗೆ ಓಡಲು ನೋಡಿದ್ದನೇನೋ, ಗವಿಯ ಬಾಯಿಯ ಹತ್ತಿರವೇ ಸಿಕ್ಕಿದ, ಸೊಂಟ ಮುರಿದು, ಆದರೆ ಜೀವವಿತ್ತು. ಮಂಜನನ್ನು ತೆಗೆಯುವಾಗ ಬಿಸಿಲು ಇಳಿದಿತ್ತು. ಅವನ ಬಾಯಿ ತುಂಬ ಮರಳು. ಅವನ ತಾಯಿ ಸೆರಗಿನಿಂದ ಅದನ್ನು ಒರೆಸುತ್ತಲೇ ಇದ್ದಳು.

ಮರುದಿನ ಧಣಿಗಳು ಬಂದರು. ಎಲ್ಲರ ಮುಂದೆ ಶೀನನನ್ನು ಕೇಳಿದರು. ಅವನು ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಹೇಳಿದ: “ಐತಾಳ್ರೇ ತೆಗಿ ಅಂದದ್ದ್.”

ಎಲ್ಲರೂ ನನ್ನತ್ತ ತಿರುಗಿದರು. ಆಗಲಾದರೂ —

“ಮೇಲಿನ ಪದರ ಮುಟ್ಟಬಾರದೆಂದು ನಾನು ಹೇಳಿದ್ದನ್ನು ಇವರೆಲ್ಲ ಕೇಳಿದ್ದಾರೆ,” ಎಂದೆ. ಧಣಿಗಳ ಮುಂದೆ ನನ್ನ ಬಾಯಲ್ಲಿ ಪುಸ್ತಕದ ಕನ್ನಡ ಬಂತು. ಅಗೆಯುವವರು ಒಬ್ಬೊಬ್ಬರಾಗಿ ತಲೆಯಾಡಿಸಿದರು. ಹೌದು, ಹೇಳಿದ್ದರು. ಶೀನ ನನ್ನನ್ನು ನೋಡಿದ. ನನ್ನ ಮುಂದೆ ಮತ್ತೆ ಆ ವಿಷಯ ಅವನು ಎತ್ತಲಿಲ್ಲ.

ಚಂದುವಿನ ತಾಯಿ ಮಗಳಿಗೆ ಬಾಗಿಲು ಮುಚ್ಚಿದಳು. ಮಗನನ್ನು ಕೊಂದು ಸುಳ್ಳು ಹೇಳುವವನ ಹೆಂಡತಿ ನನ್ನ ಅಂಗಳ ತುಳಿಯಕೂಡದು ಎಂದಳಂತೆ. ಕೆಲವು ದಿನಗಳ ನಂತರ ಚಂದು ನನ್ನನ್ನು ಹುಡುಕಿಕೊಂಡು ಬಂದಳು. ತಲೆಯ ಮೇಲೆ ಮೀನಿನ ಬುಟ್ಟಿ ಇತ್ತು, ಇಳಿಸಲಿಲ್ಲ.

“ಒಂದ್ ಮಾತ್ ಹೇಳಿ ಐತಾಳ್ರೆ. ನಮ್ಮವ್ರ್ ಹೇಳೂದ್ ಸುಳ್ಳಾ?”

“ಸುಳ್ಳ್,” ಎಂದೆ.

ಅವಳು ಹೋದಳು. ಅಂದಿನಿಂದ ಗಂಡನೊಂದಿಗೆ ಮಾತು ಬಿಟ್ಟಳೆಂದು ಕೇಳಿದೆ. ಒಂದೇ ಮನೆಯಲ್ಲಿ ಗಂಜಿ ಬಡಿಸಿ ಮುಖ ತಿರುಗಿಸಿಕೊಂಡು ಕೂರುತ್ತಿದ್ದಳಂತೆ. ಶೀನ ಕೋಲೂರಿ ನಡೆಯುವಷ್ಟಾದ ಮೇಲೆ ಮುಂಬಯಿಗೆ ಹೋದ. ಯುದ್ಧ ಮುಗಿದು, ಸ್ವಾತಂತ್ರ್ಯವೂ ಬಂದ ಮೇಲೆ, ಅಲ್ಲಿ ಜ್ವರದಲ್ಲಿ ಸತ್ತನೆಂದು ಊರಿನವರೊಬ್ಬರು ಸುದ್ದಿ ತಂದರು. ನಾನು ಅಷ್ಟರಲ್ಲಿ ಆ ತುಂಡನ್ನು — ಹೌದು, ಕುಸಿದ ಮರಳಿನಿಂದ ನಾನೇ ಹೆಕ್ಕಿಕೊಂಡಿದ್ದೆ — ಗುರುಗಳಿಗೆ ಒಪ್ಪಿಸಿ ಮೆಚ್ಚುಗೆ ಪಡೆದಿದ್ದೆ. ಮರಳಿ ಓದಲು ಹೋಗಲಿಲ್ಲ. ಹೋಗಿದ್ದರೂ ಅದೇನು ದೊಡ್ಡ ವಿಷಯವಾಗುತ್ತಿರಲಿಲ್ಲ.

ಶೀನನ ಸುದ್ದಿ ಬಂದ ವಾರ ನಾನು ಚಂದುವಿನ ಮನೆಗೆ ಹೋದೆ. ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಅವಳು ಮೀನು ಮಗುಚುವುದನ್ನು ನಿಲ್ಲಿಸಲಿಲ್ಲ. ಬೈಯಲೂ ಇಲ್ಲ. ಒಂದು ಸಾಲು ಮಗುಚಿ ಮುಗಿಸಿ, “ಅವ್ರ್ ಮುಂಬಯಿಗ್ ಹೋಪತ್ತಿಗೆ ‘ಬತ್ತೆ’ ಅಂದಿದ್ರ್. ನಾನ್ ಹೂಂ ಅಂದಿಲ್ಲೆ,” ಎಂದಳು. ಮತ್ತೆ, “ನಂಗೊಬ್ಳಿಗ್ ಹೇಳಿ ಹೋಪುದಲ್ಲ. ನಮ್ಮಬ್ಬಿ ಹತ್ರ ಹೇಳಿ.”

ಅಲ್ಲಿಂದ ನೇರ ಅವಳ ತಾಯಿಯ ಮನೆಗೆ ಹೋದೆ. ಮುದುಕಿ ಜಗುಲಿಯಲ್ಲಿ ಕುಳಿತಿದ್ದಳು. ಅವಳಿಗೂ ಎಲ್ಲವನ್ನೂ ಹೇಳಿದೆ.

“ಚಂದು ಕಳ್ಸದ್ದಾ ನಿಮ್ಮನ್ನ?” ಎಂದಳು ಕೊನೆಗೆ.

“ಅಲ್ಲ ಅಮ್ಮ. ಇದ್ ಸತ್ಯ.”

“ನೀವ್ ದೊಡ್ಡವ್ರ್. ಸತ್ತವ್ನ ಮೇಲಿನ ದೂರ್ ನಿಮ್ಮ್ ತಲಿಗ್ ಹಾಯ್ಕಂಬುಕ್ ಬಂದ್ರಿ. ಅವ್ಳ್ ಅಳೂದ್ ಕಾಂಬುಕಾಗ್ದೆ ಬಂದ್ರಿ. ನಂಗೊತ್ತಿತ್ತ್. ಹೋಯಿ ಬನ್ನಿ.”

ನಾನು ಆಣೆಯಿಟ್ಟೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. ಕನಿಕರದಿಂದ, ನನ್ನನ್ನು. ನನ್ನ ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದವಳು ಸತ್ಯವನ್ನು ಎಷ್ಟು ಹೇಳಿದರೂ ನಂಬಲಿಲ್ಲ. ಚಂದುವಿಗೆ ಆ ಬಾಗಿಲು ಈಗಲೂ ತೆರೆದಿಲ್ಲ.

ಅಂದು ತಲೆಯಾಡಿಸಿದವರು ಈಗ ಚೆದುರಿಹೋಗಿದ್ದಾರೆ. ಇಬ್ಬರು ಬ್ರಹ್ಮಾವರದ ಕಡೆ ಇದ್ದಾರೆ. ಅವರ ಬಳಿ ಹೋಗಿ ಬಂದೆ. ಒಬ್ಬ ನಂಬಿದ. ಇನ್ನೊಬ್ಬ ಎದ್ದು ಒಳಗೆ ಹೋದ. ಒಬ್ಬ ಬೈಂದೂರಿನಲ್ಲಿ ದೋಣಿ ಕಟ್ಟುವವರ ಜೊತೆ ಇದ್ದಾನಂತೆ. ನಾಳೆ ಹೊಳೆ ದಾಟಿ ಅಲ್ಲಿಗೆ ಹೋಗುತ್ತೇನೆ. ಎಲ್ಲರಿಗೂ ಹೇಳಿ ಮುಗಿಸಿ, ಬರುವವರನ್ನು ಕರೆದುಕೊಂಡು, ಮತ್ತೆ ಆ ಮುದುಕಿಯ ಜಗುಲಿಯ ಕೆಳಗೆ ನಿಲ್ಲುತ್ತೇನೆ — ಅವಳು ಬದುಕಿರುವಷ್ಟರಲ್ಲಿ.